ಮುನಿಯಪ್ಪನ ಅರ್ಜಿ ಹಿಡಿದು ಬಿಳೇಕಹಳ್ಳಿಗೆ

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಜಯನಗರದ ಮನೆ ಬಿಟ್ಟೆ. ಕೈಚೀಲದಲ್ಲಿ ವಕೀಲರು ಬರೆದುಕೊಟ್ಟ ಕ್ಷಮಾದಾನದ ಅರ್ಜಿ, ನಾಲ್ಕು ಬಿಳಿ ಹಾಳೆ, ಹೆಬ್ಬೆಟ್ಟು ಒತ್ತಿಸಲು ಮಸಿ ಡಬ್ಬಿ, ಒಂದು ಹಳೆ ಬಟ್ಟೆ ಇದ್ದವು. ಮೊದಲು ಕತ್ರಿಗುಪ್ಪೆ, ಅಲ್ಲಿಂದ ಸಾರಕ್ಕಿ ಹಾದು ಬಿಳೇಕಹಳ್ಳಿ, ಸಂಜೆಯೊಳಗೆ ಮನೆ. ಹತ್ತು ಹನ್ನೊಂದು ಮೈಲಿ ಆಗಬಹುದೆಂದು ಅಂದಾಜು ಮಾಡಿದ್ದೆ. ಆಷಾಢದ ಗಾಳಿ ಜೋರಾಗಿತ್ತು. ಮಳೆ ಇರಲಿಲ್ಲವೆಂದು ಕೊಡೆ ಒಯ್ಯಲಿಲ್ಲ.

ಮುನಿಯಪ್ಪ ನನ್ನ ಕೈಕೆಳಗೆ ಎರಡು ವರ್ಷ ಸರ್ವೇ ಸರಪಳಿ ಹಿಡಿದವನು. ಕತ್ರಿಗುಪ್ಪೆಯ ತೋಟವೊಂದರ ಕಾವಲುಗಾರನನ್ನು ಬಾವಿಯ ಹತ್ತಿರ ಕೊಂದನೆಂದು ಅವನಿಗೆ ಗಲ್ಲು ಶಿಕ್ಷೆಯಾಗಿತ್ತು. ಮೇಲ್ಮನವಿಯೂ ಬಿದ್ದುಹೋಗಿತ್ತು. ಆ ಸಂಜೆ ಸೋನೆಯಲ್ಲಿ ಬಾವಿಯ ಕಡೆಯಿಂದ ಒಬ್ಬ ಕಂಬಳಿಯನ್ನು ತಲೆಯಿಂದ ಮೊಣಕಾಲವರೆಗೆ ಕೊಪ್ಪೆ ಹಾಕಿಕೊಂಡು ಹೋದದ್ದನ್ನು ನೋಡಿದವನು ನಾನೊಬ್ಬನೇ. ಮುಖ ಕಂಡಿರಲಿಲ್ಲ. ಕಂಬಳಿಯ ಬೆನ್ನಿನ ಮೇಲೆ ಅಂಗೈಯಗಲದ ಕೆಂಪು ತೇಪೆ ಕಂಡಿತ್ತು. ಮಳೆಗಾಲದ ಕೆಲಸದಲ್ಲಿ ಮುನಿಯಪ್ಪನ ಕಂಬಳಿಯ ಮೇಲೆ ದಿನವೂ ನೋಡಿದ ತೇಪೆ. ನ್ಯಾಯಾಲಯದಲ್ಲಿ ಮುನಿಯಪ್ಪನೇ ಎಂದೆ. ಎಷ್ಟು ದೂರದಿಂದ ನೋಡಿದಿರಿ ಎಂದು ಕೇಳಿದರು. ನಲವತ್ತೆರಡು ಗಜ ಎಂದೆ. ಮಾರನೆಯ ದಿನವೇ ಹೋಗಿ ಅಳೆದಿದ್ದೆ. ಇಷ್ಟು ಖಚಿತವಾಗಿ ಹೇಳುವ ಸಾಕ್ಷಿಯನ್ನು ನಂಬದಿರಲು ಕಾರಣವಿಲ್ಲವೆಂದು ತೀರ್ಪಿನಲ್ಲಿ ಬರೆದರು.

ಹಿಂದಿನ ವಾರ ಅವನ ವಕೀಲರು ಮನೆಗೆ ಬಂದಿದ್ದರು. "ನಿಮ್ಮ ಮಾತಿನ ಮೇಲೇ ಎಲ್ಲಾ ನಿಂತಿದೆ ಸಾರ್. ಒಂದಿಷ್ಟು ಸಂಶಯ ಇದ್ರೂ ಬರ್ಕೊಡಿ, ಅರ್ಜಿ ಜೊತೆ ರಾಜ್ಯಪಾಲರಿಗೆ ಹೋಗ್ಲಿ."

"ಸಂಶಯ ಇಲ್ಲ. ಆದ್ರೆ ಅವನು ಸಾಯೋದು ಬೇಡ" ಎಂದೆ.

ಅವರು ಅರ್ಜಿಯನ್ನು ನನ್ನ ಕೈಗಿಟ್ಟರು. "ಹಾಗಾದ್ರೆ ಊರವರ ಹೆಬ್ಬೆಟ್ಟಾದ್ರೂ ಹಾಕಿಸ್ಕೊಂಡು ಬನ್ನಿ. ಸೋಮವಾರ ಕಳಿಸ್ಬೇಕು."

ಕತ್ರಿಗುಪ್ಪೆಗೆ ನಡೆದೇ ಹೋದೆ. ಪಟೇಲರು ಜಗಲಿಯ ಮೇಲೆ ಬಿಸಿಲಿಗೆ ಮೈಯೊಡ್ಡಿ ಕೂತಿದ್ದರು. ಏಳಲಿಲ್ಲ.

"ಬನ್ನಿ ಬನ್ನಿ, ಸರಪಳಿ ಸಾಹೇಬ್ರು. ಆವತ್ತು ಗಜ ಹೇಳ್ಬುಟ್ಟು ಹಗ್ಗದ ಅಳತೆ ಕೊಟ್ರಿ. ಇವತ್ತು ಹೆಬ್ಬೆಟ್ಟು ಎಣಿಸಾಕೆ ಬಂದ್ರಾ?"

ನಾನು ಚೀಲದಿಂದ ಮಸಿ ಡಬ್ಬಿ ತೆಗೆದೆ. ಅವರೇ ಮೊದಲು ಹೆಬ್ಬೆಟ್ಟು ಒತ್ತಿದರು. ಆಮೇಲೆ ಒಳಗಿಂದ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ತರಿಸಿ, ತಿನ್ನುವವರೆಗೂ ಎದುರಿಗೆ ಕೂತಿದ್ದರು. ಹತ್ತೂವರೆಯ ಹೊತ್ತಿಗೆ ಮೂವತ್ತೊಂದು ಹೆಬ್ಬೆಟ್ಟು ಆದವು. ಸತ್ತ ಕಾವಲುಗಾರನ ಮನೆಯ ಬಾಗಿಲು ಮುಚ್ಚಿತ್ತು. ಒಳಗೆ ಯಾರೋ ಕೆಮ್ಮಿದ್ದು ಕೇಳಿಸಿತು. ನಾನು ಬಾಗಿಲು ತಟ್ಟಲಿಲ್ಲ.

ಬನಶಂಕರಿ ಗುಡಿಯ ಮುಂದೆ ಬಸ್ಸು ಹತ್ತಿದೆ, ಹತ್ತು ಪೈಸೆ. ಸಾರಕ್ಕಿಯಲ್ಲಿ ಇಳಿಯುವಾಗ ಸೋನೆ ಹಿಡಿಯಿತು. ಕೆರೆ ಏರಿಯ ಹತ್ತಿರ ಕಡಲೆಪುರಿ ಮಾರುವ ಅಜ್ಜಿಯ ಗುಡಿಸಲಿನ ಸೂರಿನಡಿ ನಿಂತೆ. ಅರ್ಜಿ ನೆನೆಯದಂತೆ ಚೀಲವನ್ನು ಅಂಗಿಯೊಳಗೆ ಸೇರಿಸಿಕೊಂಡೆ. ಅರ್ಧ ಗಂಟೆಯಾದರೂ ಮಳೆ ಬಿಡಲಿಲ್ಲ. ಅಜ್ಜಿ ಗೂಟದಲ್ಲಿದ್ದ ಕಂಬಳಿಯೊಂದನ್ನು ತೆಗೆದು ಕೊಟ್ಟಳು.

"ಎಷ್ಟೊತ್ತು ನಿಂತೀರ ಸ್ವಾಮಿ, ಇದ್ನ ಹಾಕ್ಕಂಡು ಹೋಗಿ."

"ಯಾರದಮ್ಮ ಇದು?"

"ಯಾರ್ದೋ. ಬೆಳಿಗ್ಗೆ ಒಬ್ರು ಬಿಟ್ಟೋದ್ರು. ನೀವು ಹೋಗೋ ಊರಲ್ಲಿ ಯಾರ ಜಗಲಿ ಮ್ಯಾಲಾದ್ರೂ ಹಾಕಿ. ಕೈಯಿಂದ ಕೈಗೆ ಹೋಗಿ ಮನೆ ಸೇರ್ತದೆ."

"ಕಳೆದುಹೋಗೋಲ್ವಾ?"

"ಎಲ್ಲೋಗ್ತದೆ? ಮಳೆ ನಿಂತ್ಮ್ಯಾಲೆ ಯಾರಿಗ್ ಬೇಕು ಈ ಭಾರ?" ಎಂದು ನಕ್ಕಳು.

ನಾನು ಕಂಬಳಿಯನ್ನು ಕೈಯಲ್ಲಿ ಹಿಡಿದು ಅಲ್ಲೇ ನಿಂತಿದ್ದೆ. ಅದನ್ನು ಮಡಿಸಿ ಕೊಪ್ಪೆ ಮಾಡುವುದು ನನಗೆ ಬರುತ್ತಿರಲಿಲ್ಲ. ಅಜ್ಜಿಯೇ ಮಡಿಸಿ ತಲೆಗೆ ಹಾಕಿದಳು. ಈ ಸೀಮೆಯ ಹೊಲಗಳನ್ನು ಆರು ವರ್ಷ ಅಳೆದಿದ್ದೆ. ಕೊಡೆ ಹಿಡಿದು ಅಳೆದಿದ್ದೆ.

ಸಾರಕ್ಕಿಯಿಂದ ಬಿಳೇಕಹಳ್ಳಿಗೆ ರಾಗಿ ಹೊಲಗಳ ನಡುವೆ ಎರಡು ಮೈಲಿಗಿಂತ ಹೆಚ್ಚಿಲ್ಲ. ಆ ದಿನ ಒಂದೂವರೆ ಗಂಟೆ ಹಿಡಿಯಿತು. ಮುನಿಯಪ್ಪನ ಹೆಂಡತಿ ನಂಜಮ್ಮ ಅಲ್ಲಿ ತವರಿನಲ್ಲಿದ್ದಳು. ಕೊಟ್ಟಿಗೆ ಗುಡಿಸುತ್ತಿದ್ದವಳು ನನ್ನ ಗುರುತು ಹಿಡಿದು ಪೊರಕೆ ಕೆಳಗಿಟ್ಟಳು. ಅರ್ಜಿ ಓದಿ ಹೇಳಿದೆ. ಕೇಳಿ ಹೆಬ್ಬೆಟ್ಟು ಒತ್ತಿದಳು. ಬೆರಳು ಒರೆಸಿಕೊಳ್ಳಲು ಬಟ್ಟೆ ಕೊಟ್ಟೆ. ಆಮೇಲೆ ಕೇಳಿದೆ.

"ಆವತ್ತು ಮುನಿಯಪ್ಪನ ಕಂಬಳಿ ಮನೇಲಿತ್ತೇನಮ್ಮ?"

"ಮೂರು ದಿನದಿಂದ ಇರ್ಲಿಲ್ಲ. ನನ್ ಗಂಡ ಯಾರಿಗೋ ಕೊಟ್ಟಿತ್ತು. ಮಾರನೆ ಬೆಳಿಗ್ಗೆ ಎದ್ದು ನೋಡಿದ್ರೆ ಜಗಲಿ ಮ್ಯಾಲಿತ್ತು, ಗೂಟಕ್ಕೆ ಹಾಕ್ದೆ."

"ಇದನ್ನ ಯಾಕೆ ಹೇಳ್ಲಿಲ್ಲ?"

"ಕಂಬಳಿ ಯಾರ್ದು ಅಂತ ಕೇಳಿದ್ರು. ನನ್ ಗಂಡಂದು ಅಂದೆ. ಸುಳ್ಳು ಹೇಳ್ಲಾ? ಹೊದ್ದಿದ್ದೋರು ಯಾರು ಅಂತ ಯಾರೂ ಕೇಳ್ಲಿಲ್ಲ ಸ್ವಾಮಿ. ಕಂಬಳಿ ಊರೆಲ್ಲಾ ತಿರುಗ್ತದೆ ಅನ್ನೋದು ಹೇಳೋ ಮಾತಾ? ಎಲ್ರಿಗೂ ಗೊತ್ತಿರೋದೆ ಅಲ್ವಾ?"

ನನಗೆ ಗೊತ್ತಿರಲಿಲ್ಲವೆಂದು ಹೇಳಿದೆ. ಅವಳು ನಂಬಿದಂತೆ ಕಾಣಲಿಲ್ಲ. ಮುದ್ದೆ, ಹುರುಳಿ ಸಾರು ಬಡಿಸಿದಳು. ತಿಂದೆ. ಹೊರಡುವಾಗ ಅಜ್ಜಿಯ ಕಂಬಳಿಯನ್ನು ಜಗಲಿಯ ಮೇಲೆ ಇಡಹೋದೆ. ನಂಜಮ್ಮ ತಡೆದಳು. "ಸೋನೆ ಇನ್ನೂ ಬಿಟ್ಟಿಲ್ಲ. ಹಾಕ್ಕಂಡೋಗಿ. ಕಾಗದ ನೆನೆದಾತು."

ಬನ್ನೇರುಘಟ್ಟದ ಕಡೆಯಿಂದ ಬಂದ ಬಸ್ಸು ತುಂಬಿತ್ತು, ನಿಲ್ಲಲಿಲ್ಲ. ನಡೆದೆ. ಐದು ಗಂಟೆಗೆ ನಮ್ಮ ಮನೆಯ ಗೇಟಿನ ಅಗುಳಿ ತೆಗೆದಾಗ ನನ್ನ ಹೆಂಡತಿ ಬಾಗಿಲಿಗೆ ಬಂದಳು.

"ಯಾರಪ್ಪಾ ಅದು? ಯಜಮಾನ್ರು ಮನೇಲಿಲ್ಲ. ಆಮೇಲೆ ಬಾ."

ನಾನು ಗೇಟಿನಲ್ಲೇ ನಿಂತೆ. ಅವಳು ಇನ್ನೊಮ್ಮೆ, ಸ್ವಲ್ಪ ಗಡುಸಾಗಿ, "ಹೇಳಿದ್ದು ಕೇಳಿಸ್ಲಿಲ್ವೇನಪ್ಪಾ?" ಎಂದಳು. ಕಂಬಳಿ ತೆಗೆದೆ. ಅವಳು ನಗಲು ಹೋಗಿ, ನನ್ನ ಮುಖ ನೋಡಿ ಹತ್ತಿರ ಬಂದಳು. ಗೇಟಿನಿಂದ ಬಾಗಿಲಿಗೆ ಎಂಟು ಗಜ. ಹದಿನೇಳು ವರ್ಷ ನನ್ನ ಜೊತೆ ಸಂಸಾರ ಮಾಡಿದವಳು.

ದೀಪ ಹಚ್ಚುವ ಮೊದಲೇ ಕೂತು, ನಾನು ಗುರುತು ಹಿಡಿದದ್ದು ಕಂಬಳಿಯನ್ನು ಮಾತ್ರವೆಂದು ಹೇಳಿಕೆ ಬರೆದೆ. ಎಂಟು ಗಜವನ್ನೂ ಬರೆದೆ. ಬೆಳಿಗ್ಗೆ ವಕೀಲರು ಅದನ್ನು ಎರಡು ಸಲ ಓದಿದರು. "ಇದನ್ನ ಕೋರ್ಟಲ್ಲೇ ಹೇಳಿದ್ದಿದ್ರೆ..." ಎಂದು ಶುರುಮಾಡಿ, ಮುಗಿಸದೆ ಅರ್ಜಿಗೆ ಪಿನ್ನು ಚುಚ್ಚಿದರು.

ಎರಡು ತಿಂಗಳ ಮೇಲೆ ಉತ್ತರ ಬಂತು. ಗಲ್ಲು ತಪ್ಪಿತ್ತು, ಜೀವಾವಧಿ ಶಿಕ್ಷೆಯಾಗಿತ್ತು. ಅವನು ತಪ್ಪು ಮಾಡಿಲ್ಲವೆಂದು ಅದರಲ್ಲಿ ಎಲ್ಲೂ ಇರಲಿಲ್ಲ. ಕಾಗದವನ್ನೂ ಒಣಗಿಸಿ ಮಡಿಸಿಟ್ಟಿದ್ದ ಕಂಬಳಿಯನ್ನೂ ತೆಗೆದುಕೊಂಡು ಬಿಳೇಕಹಳ್ಳಿಗೆ ಹೋದೆ. ನಂಜಮ್ಮ ಕೇಳಿಸಿಕೊಂಡು, ಗೋಡೆಗೆ ಒರಗಿ ಕೂತಳು.

"ಹಂಗಾರೆ ಜೈಲಿಂದ ಯಾವಾಗ ಬರ್ತದೆ ಸ್ವಾಮಿ?"

ಜೀವಾವಧಿಯೆಂದರೆ ಎಷ್ಟು ವರ್ಷವೆಂದು ಕಾಗದದಲ್ಲಿ ಬರೆದಿರಲಿಲ್ಲ. ಕಂಬಳಿಯನ್ನು ಜಗಲಿಯ ಮೇಲಿಟ್ಟು ಹೊರಟೆ. ಓಣಿಯ ತಿರುವಿನಲ್ಲಿ ಹಿಂದಿರುಗಿ ನೋಡಿದಾಗ, ದಾರಿಯಲ್ಲಿ ಹೋಗುತ್ತಿದ್ದವನೊಬ್ಬ ಅವಳನ್ನು ಕೇಳದೆಯೇ ಅದನ್ನೆತ್ತಿ ಹೆಗಲಿಗೆ ಹಾಕಿಕೊಂಡ. ಅವಳು ಬೇಡವೆನ್ನಲಿಲ್ಲ.