ಫಕೀರಪ್ಪ ಮಾಸ್ತರರ ಮೂರು ಬೆರಳು

ಅಣ್ಣಿಗೇರಿಯ ನಮ್ಮ ಓಣಿಯ ತುದಿಗೆ, ಹತ್ತಿ ಜಿನ್ನಿನ ಗೋಡೆಗೆ ಆತುಕೊಂಡಿದ್ದ ಒಂದು ಖೋಲಿಯಿಂದ ಸಂಜೆಯ ಹೊತ್ತು ಪೇಟಿಯ ಸ್ವರ ಬರುತ್ತಿತ್ತು. ಹಾರ್ಮೋನಿಯಮ್ಮಿಗೆ ನಮ್ಮ ಕಡೆ ಪೇಟಿ ಎನ್ನುತ್ತೇವೆ. ಆ ಪೇಟಿ ನಾಲ್ಕು ಸ್ವರ ನುಡಿದು ನಿಲ್ಲುತ್ತಿತ್ತು. ಯಾರದೋ ಹಾಡಿಗೆ ದಾರಿ ಬಿಟ್ಟಂತೆ ಸುಮ್ಮನಿದ್ದು, ಮತ್ತೆ ಮೆಲ್ಲಗೆ ಅದರ ಬೆನ್ನ ಹಿಂದೆ ಬಂದಂತೆ ನುಡಿಯುತ್ತಿತ್ತು. ನಡುವೆ ಒಮ್ಮೊಮ್ಮೆ "ವ್ಹಾ!" ಎಂಬ ಉದ್ಗಾರ. ಇಣುಕಿ ನೋಡಿದರೆ ಒಳಗೆ ಫಕೀರಪ್ಪ ಮಾಸ್ತರರು ಒಬ್ಬರೇ. ಹಾಡುವವರು ಯಾರೂ ಇಲ್ಲ.

"ಮಾಸ್ತರ ದೆವ್ವಕ್ಕ ಸಾಥ ಕೊಡಾಕತ್ತಾನ ನೋಡವಾ" ಎಂದು ನೀರಿಗೆ ಹೋಗುವ ಹೆಂಗಸರು ನಗುತ್ತಿದ್ದರು.

"ದೆವ್ವ ತಾಳ ತಪ್ಪೂದಿಲ್ಲವಾ ತಂಗಿ. ನಿಮ್ಮ ಗಂಡಂದಿರ ಭಜನಿಗಿಂತ ಪಾಡ" ಎಂದು ಮಾಸ್ತರರು ಒಳಗಿನಿಂದಲೇ ಉತ್ತರ ಕೊಡುತ್ತಿದ್ದರು.

ಅವರು ಬಹಳ ವರ್ಷ ನಾಟಕ ಕಂಪನಿಯೊಂದರಲ್ಲಿ ಪೇಟಿ ಬಾರಿಸಿದವರು. ಕಂಪನಿ ಮುರಿಯಿತು, ಹಾಡುವವರೆಲ್ಲ ತಮ್ಮ ತಮ್ಮ ಊರು ಸೇರಿದರು. ಇವರು ಹೊಟ್ಟೆಪಾಡಿಗೆ ಜಿನ್ನಿಗೆ ಬಂದರು. ಅಲ್ಲಿ ಯಂತ್ರ ಅವರ ಬಲಗೈಯ ಕೊನೆಯ ಎರಡು ಬೆರಳುಗಳನ್ನು ತೆಗೆದುಕೊಂಡಿತು. ಹೆಂಡತಿ ಮಕ್ಕಳು ಇರಲಿಲ್ಲ. ಉಳಿದ ಮೂರು ಬೆರಳಿನಲ್ಲೇ ರೊಟ್ಟಿ ಬಡಿಯುತ್ತಿದ್ದರು, ಅವುಗಳಲ್ಲೇ ಪೇಟಿ ಬಾರಿಸುತ್ತಿದ್ದರು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನಾಗ ಹೈಸ್ಕೂಲಿನಲ್ಲಿದ್ದೆ. ಪೇಟಿ ಕಲಿಯಬೇಕೆಂದು ಹೋದ ನನಗೆ ಅವರು ಸ್ವರದ ಪಟ್ಟಿಗಳನ್ನು ಮುಟ್ಟಗೊಡಲೇ ಇಲ್ಲ. ಎದುರಿಗೆ ಕೂರಿಸಿ ಪೇಟಿಯ ತಿದಿ ಒತ್ತಲು ಹಚ್ಚಿದರು. ಅವರು ಬಾರಿಸುವುದು, ನಾನು ಗಾಳಿ ಹಾಕುವುದು. ಒಂದು ಮಳೆಗಾಲ ಪೂರ್ತಿ ಹೀಗೇ ಹೋಯಿತು.

"ನನಗ ಬಾರಸೂದು ಯಾವಾಗ ಕಲಸ್ತೀರಿ?" ಎಂದು ಒಂದು ದಿನ ಸಿಟ್ಟಿನಿಂದ ಕೇಳಿದೆ.

"ಇಷ್ಟ ದಿನ ಮತ್ತೇನ ಮಾಡಿದ್ಯಲೇ ಬಸ್ಯಾ? ಪೇಟಿಗೆ ಗಂಟಲಿಲ್ಲ. ಅದರ ಉಸಿರು ನಿನ್ನ ಕೈಯಾಗ ಐತಿ. ಅಂಜಿ ಒತ್ತಿದರ ಅದೂ ಅಂಜತೈತಿ. ಇವತ್ತ ಅಗದಿ ಛಲೋ ಒತ್ತಿದಿ. ನಾಳೆ ಈ ಕಡೆ ಬಂದ ಕೂಡು."

ಇನ್ನೊಮ್ಮೆ ಅವರು ಕೊಟ್ಟ ಪಾಠ ಮತ್ತೂ ವಿಚಿತ್ರವಾಗಿತ್ತು. ನಮ್ಮ ಅಜ್ಜಿಗೆ ನಾವು ಆಯಿ ಎನ್ನುತ್ತಿದ್ದೆವು. ಆಯಿ ಬೇಳೆ ಒಡೆಯುವಾಗ ಬೀಸುಕಲ್ಲಿನ ಮುಂದೆ ಹಾಡುತ್ತಾಳೆಂದು ತಿಳಿದು, "ಹೋಗು, ಆಕಿ ಎಲ್ಲೆಲ್ಲಿ ಉಸಿರ ತಗೋತಾಳ ನೋಡ್ಕೊಂಡ ಬಾ" ಎಂದರು. ನಾನು ಆಯಿಯ ಬಾಯಿಯನ್ನೇ ನೋಡುತ್ತ ಕೂತೆ.

"ಯಾಕೋ, ನನ್ನ ಹಲ್ಲ ಎಣಸಾಕತ್ತೀ ಏನು?"

"ಮಾಸ್ತರು ಹೇಳ್ಯಾರ. ನೀ ಉಸಿರ ತಗೊಳ್ಳೂದು ನೋಡಬೇಕಂತ."

"ಆ ಮಾಸ್ತರಗ ಬ್ಯಾರೆ ಉದ್ಯೋಗ ಇಲ್ಲ. ನಾ ಉಸಿರ ಬಿಡೂದೂ ಜಲ್ದೀನ ಐತಿ, ಅದನ್ನೂ ಬಂದ ನೋಡ ಅಂತ ಹೇಳು" ಎಂದು ಆಯಿ ನಕ್ಕಳು.

ನಾನು ನೋಡಿಕೊಂಡು ಬಂದದ್ದನ್ನು ಒಪ್ಪಿಸಿದಾಗ ಮಾಸ್ತರರು ನಗಲಿಲ್ಲ. "ಹಾಡಾವರು ಉಸಿರ ತಗೊಳ್ಳೂ ಹೊತ್ತಿಗೆ ಅವರ ಸ್ವರಾ ಬೀಳಬಾರದು. ನೀ ಹಿಡ್ಕೊಂಡ ನಿಂದರಬೇಕು. ಅವರು ತಿರುಗಿ ಬಂದಕೂಡಲೆ ಅವರ ಕೈಯಾಗ ಕೊಟ್ಟ ಹಿಂದ ಸರಿಬೇಕು. ಹಿಡ್ಕೊಂಡಿದ್ದಿ ಅಂತ ಯಾರಿಗೂ ಗೊತ್ತಾಗಬಾರದು" ಎಂದರು. ಪೇಟಿಯ ಬಗ್ಗೆ ನಾನು ಕಲಿತದ್ದರಲ್ಲಿ ದೊಡ್ಡದು ಇದೇ.

ಪಾಠ ಹೇಳುವಾಗ ಅವರು ಬಲಗೈಯ ಮೇಲೆ ಟಾವೆಲು ಹಾಕಿಕೊಳ್ಳುತ್ತಿದ್ದರು. "ಕೈ ನೋಡಬ್ಯಾಡ. ಕಿವಿ ಇಡು" ಎಂಬುದು ದಿನದ ಮಾತು. ನನಗೆ ಅವರ ಸ್ವರ ಬೇಕಾಗಿತ್ತು. ಆ ಸ್ವರದ ಗುಟ್ಟು ಟಾವೆಲಿನ ಕೆಳಗಿದೆ ಎಂದು ನಂಬಿದ್ದೆ. ಬಗ್ಗಿ ಬಗ್ಗಿ ಕದ್ದು ನೋಡಿದೆ. ಮನೆಯಲ್ಲಿ ಹಲಗೆಯ ಮೇಲೆ ಹಾಗೆಯೇ ಆಡಿಸಿದೆ, ನನ್ನ ಎರಡು ಬೆರಳನ್ನು ಅಂಗೈಯೊಳಗೆ ಮಡಚಿ. ಮಾಸ್ತರರ ಕಣ್ಣಿಗೆ ಬಿದ್ದಾಗಲೆಲ್ಲ ಚಮಚೆಯಿಂದ ಆ ಬೆರಳುಗಳ ಮೇಲೆ ತಟ್ಟುತ್ತಿದ್ದರು. "ಲೇ ಮಂಗ್ಯಾ, ನನ್ನವು ಜಿನ್ನ ತಿಂತು. ನಿನ್ನವನ್ನ ಯಾರ ತಿಂದಾರ? ಬಿಚ್ಚು!" ನಾನು ಬಿಚ್ಚುತ್ತಿದ್ದೆ. ಬಾರಿಸುವ ರಂಗಿನಲ್ಲಿ ಅವು ತಾವಾಗಿಯೇ ಮಡಚಿಕೊಳ್ಳುತ್ತಿದ್ದವು.

ನವಲಗುಂದದಲ್ಲಿ ಒಮ್ಮೆ ಭಜನೆ ಸ್ಪರ್ಧೆ ಏರ್ಪಾಟಾಯಿತು. ನಮ್ಮ ಓಣಿಯ ಭಜನಾ ಮೇಳಕ್ಕೆ ಪೇಟಿ ನಾನು. ಮಾಸ್ತರರು ತೊಳೆದ ಧೋತರ, ಕರಿ ಟೊಪ್ಪಿಗೆ ಹಾಕಿಕೊಂಡು ನಮ್ಮೊಂದಿಗೆ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಕಂಡಕ್ಟರನಿಂದ ಹಿಡಿದು ಎಲ್ಲರಿಗೂ "ನನ್ನ ಹುಡುಗ ಇವತ್ತ ಬಾರಸಾಂವ ಇದ್ದಾನ್ರಿ" ಎಂದು ಹೇಳಿದರು. ಚಪ್ಪರದಲ್ಲಿ ಮುಂದಿನ ಜಮಖಾನದ ಮೇಲೆ, ನನಗೆ ಕಾಣುವಂತೆ ಕೂತರು.

ನಾವು ಹಾಡಿ ಮುಗಿಸಿದಾಗ ನಿರ್ಣಯಕ್ಕೆ ಬಂದಿದ್ದ ಧಾರವಾಡದ ಗವಾಯಿಗಳು ನನ್ನನ್ನು ಎದ್ದು ನಿಲ್ಲಿಸಿದರು.

"ತಮ್ಮಾ, ಆ ಎರಡು ಬೆರಳಿಗೆ ಏನ ಆಗೇತಿ? ಎಲ್ಲಿ, ಕೈ ಎತ್ತು."

ಎತ್ತಿದೆ. ಐದೂ ಬೆರಳು ನೆಟ್ಟಗಿದ್ದವು.

"ಇದೇನೋ! ದೇವರು ಐದು ಕೊಟ್ಟರ ಎರಡು ಉಳಿತಾಯ ಮಾಡೀಯಲ್ಲೊ!" ಚಪ್ಪರವೆಲ್ಲ ನಕ್ಕಿತು. "ಯಾರೋ ನಿನ್ನ ಮಾಸ್ತರು?"

ಆ ಪ್ರಶ್ನೆಯಲ್ಲಿ ಕುಚೋದ್ಯವಿತ್ತೋ, ನಿಜವಾಗಿ ತಿಳಿಯುವ ಇಚ್ಛೆಯಿತ್ತೋ, ಇಂದಿಗೂ ಹೇಳಲಾರೆ. ಮುಂದಿನ ಜಮಖಾನದ ಮೇಲೆ ಮಾಸ್ತರರು ನಮಸ್ಕಾರ ಮಾಡಲು ಕೈ ಜೋಡಿಸಿಕೊಂಡು ಏಳುತ್ತಿದ್ದರು. ಅವರ ಕೈ ಈಗ ಎಲ್ಲರಿಗೂ ಕಾಣುತ್ತದೆ, ಜನ ಇನ್ನಷ್ಟು ನಗುತ್ತಾರೆ ಎಂಬುದೊಂದೇ ನನ್ನ ತಲೆಯಲ್ಲಿತ್ತು.

"ಯಾರೂ ಇಲ್ರಿ. ನನ್ನಷ್ಟಕ್ಕ ನಾನ ಕಲ್ತೀನ್ರಿ" ಎಂದೆ.

ಅರ್ಧ ಎದ್ದಿದ್ದ ಮಾಸ್ತರರು ಧೋತರದ ಚುಂಗು ಸರಿಮಾಡಿಕೊಂಡವರಂತೆ ಮಾಡಿ ಮತ್ತೆ ಕೂತರು.

ಗವಾಯಿಗಳು ಬೆರಗಾದರು. "ಹಾಡಾವ ಉಸಿರ ತಗೊಂಡಾಗ ಸ್ವರಾ ಹಿಡಿಯೂದು ಇಂವಗ ಯಾರೂ ಹೇಳಿಕೊಟ್ಟಿಲ್ಲಂತ! ಹುಟ್ಟಿನಿಂದನ ತಂದಾನಪಾ ಇಂವ. ಚಪ್ಪಾಳಿ ಹೊಡೀರಿ!" ಎಂದರು. ಜನ ಚಪ್ಪಾಳೆ ತಟ್ಟಿದರು. ಮಾಸ್ತರರೂ ತಟ್ಟಿದರು.

ತಿರುಗಿ ಬರುವಾಗ ಬಸ್ಸಿನಲ್ಲಿ ನನ್ನ ಬಾಜುವೇ ಕೂತಿದ್ದರು. ಕಿಟಕಿಯ ಹೊರಗಿನ ಎರೆಹೊಲ ನೋಡುತ್ತ, "ಎರಡನೇ ಪದದಾಗ ಸ್ವಲ್ಪ ಅವಸರ ಮಾಡಿದಿ" ಎಂದರು. ಬೈದಿದ್ದರೆ ನಾನು ಅತ್ತು ಕಾಲು ಹಿಡಿಯುತ್ತಿದ್ದೆನೇನೋ.

ಮರುದಿನ ಪಾಠಕ್ಕೆ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. "ಹುಡುಗಗ ಆರಾಮ ಇಲ್ಲೇನ್ರಿ?" ಎಂದು ಮಾಸ್ತರರು ಬಾಗಿಲಿಗೇ ಬಂದು ಕೇಳಿದರು. ಪರೀಕ್ಷೆ ಇದೆ ಎಂದು ಅವ್ವನಿಂದ ಹೇಳಿಸಿ ನಾನು ಒಳಗೆ ಕಣಜದ ಮರೆಯಲ್ಲಿ ನಿಂತಿದ್ದೆ. "ಓದಲಿ, ಓದಲಿ. ಮುಗಿದ ಮ್ಯಾಲ ಕಳಸ್ರಿ" ಎಂದು ಹೋದರು. ಆಮೇಲೆ ಜಿನ್ನಿನ ಕಡೆಯ ದಾರಿಯನ್ನೇ ಬಿಟ್ಟೆ. ಎಸ್ಸೆಸ್ಸೆಲ್ಸಿ ಮುಗಿದು ಗದಗಿನ ಅರಳೆ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತು. ಪೇಟಿಯನ್ನು ಮತ್ತೆ ಮುಟ್ಟಲಿಲ್ಲ. ಮುಟ್ಟಿದರೆ ಎರಡು ಬೆರಳು ಮಡಚಿಕೊಳ್ಳುತ್ತವೆ ಎಂದು ಗೊತ್ತಿತ್ತು.

ಅವರನ್ನು ಕೊನೆಯ ಸಲ ಕಂಡದ್ದು ಅಣ್ಣಿಗೇರಿ ಸ್ಟೇಶನ್ನಿನಲ್ಲಿ, ಆ ದಶಕ ಮುಗಿಯುತ್ತ ಬಂದಾಗ. ನಾನು ಗದಗಿನ ಗಾಡಿಗೆ ಕಾಯುತ್ತಿದ್ದೆ. ಮಾಸ್ತರರು ಬಾಕಿನ ಮೇಲೆ ಒಂದು ಕೈಚೀಲ ಇಟ್ಟುಕೊಂಡು ಹುಬ್ಬಳ್ಳಿ ಗಾಡಿಗೆ ಕಾಯುತ್ತಿದ್ದರು. ಬಹಳ ಸೊರಗಿದ್ದರು. ತಪ್ಪಿಸಿಕೊಳ್ಳುವಷ್ಟರಲ್ಲಿ ಕಂಡುಬಿಟ್ಟರು.

"ಬಸೂ! ಬಾ, ಕೂಡು."

ಅಡುಗೆ ಮಾಡಿಕೊಳ್ಳಲು ಈಗ ಆಗುವುದಿಲ್ಲವೆಂದೂ, ಕುಂದಗೋಳದ ಬಾಜು ತಂಗಿಯ ಮಗಳ ಮನೆಗೆ ಇರಲಿಕ್ಕೆ ಹೊರಟಿದ್ದೇನೆಂದೂ ಹೇಳಿದರು.

"ಪೇಟಿ ಎಲ್ಲೈತ್ರಿ?"

"ಮಠಕ್ಕ ಕೊಟ್ಟೆ. ಅಲ್ಲಿ ಮಂದಿ ಹಾಡತಾರ." ನಂತರ ನನ್ನ ಕಡೆ ಬಾಗಿ, "ಬಾರಸ್ತೀ ಇಲ್ಲೋ?" ಎಂದರು.

"ಬಾರಸ್ತೀನ್ರಿ" ಎಂದೆ. ಅದೂ ಸುಳ್ಳೇ.

ಅವರ ಮುಖ ಅರಳಿತು. ಬಾಕಿನ ಆಚೆ ತುದಿಗೆ ಕೂತಿದ್ದ ಅಪರಿಚಿತ ಹಿರಿಯರ ಕಡೆ ತಿರುಗಿದರು. "ಇಂವ ನಮ್ಮ ಊರ ಹುಡುಗ ರೀ. ಪೇಟಿ ಭಾಳ ಛಲೋ ಬಾರಸ್ತಾನ್ರಿ."

"ಹೌದೇನಪಾ? ಯಾರ ಕಡೆ ಕಲ್ತಿ?" ಎಂದು ಆ ಹಿರಿಯರು ಕೇಳಿದರು.

ನಾನು ಬಾಯಿ ತೆರೆದೆ. ನಾನು ಏನು ಹೇಳುತ್ತಿದ್ದೆನೋ ದೇವರಿಗೇ ಗೊತ್ತು. ಅಷ್ಟರಲ್ಲಿ ಮಾಸ್ತರರೇ ಹೇಳಿಬಿಟ್ಟರು.

"ಯಾರ ಕಡೇನೂ ಇಲ್ರಿ. ತನ್ನಷ್ಟಕ್ಕ ತಾನ ಕಲ್ತಾನ."

ದನಿಯಲ್ಲಿ ಕೊಂಕು ಇರಲಿಲ್ಲ. ಹುಡುಗನ ಮಾತು ನಾಲ್ಕು ಜನರ ಮುಂದೆ ಸುಳ್ಳಾಗಬಾರದು ಎಂಬ ಕಾಳಜಿ ಮಾತ್ರ ಇತ್ತು. "ಶಾಭಾಸ್ ತಮ್ಮಾ" ಎಂದು ಹಿರಿಯರು ತಲೆದೂಗಿದರು. ನಾನು ಅವರಿಗೆ ಕೈ ಮುಗಿದೆ. ಅದೇ ಸುಳ್ಳಿಗೆ ಎರಡನೆಯ ಸಲ ಹೊಗಳಿಸಿಕೊಂಡೆ, ಮಾಸ್ತರರ ಕಣ್ಣೆದುರಿಗೇ.

ಹುಬ್ಬಳ್ಳಿ ಗಾಡಿ ಬಂತು. ಅವರ ಕೈಚೀಲ ಹತ್ತಿಸಿದೆ. ಹಿರಿಯರೂ ಅದೇ ಡಬ್ಬಿ ಹತ್ತಿದರು. ಮುಂದಿನ ಸುಗ್ಗಿಯ ಹೊತ್ತಿಗೆ ಮಾಸ್ತರರು ತೀರಿಕೊಂಡ ಸುದ್ದಿ ಬಂತು, ಅದೂ ಎಲ್ಲ ಮುಗಿದ ಮೇಲೆ.

ನನಗೂ ಈಗ ಅವರ ವಯಸ್ಸಾಗಿದೆ. ಆಡಿದ ಮಾತನ್ನು ತಿದ್ದಿ ಹೇಳೋಣವೆಂದರೆ ಯಾರಿಗೆ ಹೇಳಲಿ? ನವಲಗುಂದದ ಚಪ್ಪರದಲ್ಲಿ ಚಪ್ಪಾಳೆ ತಟ್ಟಿದವರು ಯಾರೋ, ಎಲ್ಲಿಯವರೋ. ಬಾಕಿನ ಮೇಲಿದ್ದ ಹಿರಿಯರು ಯಾವ ಸ್ಟೇಶನ್ನಿನಲ್ಲಿ ಇಳಿದರೋ. ಅವರೆಲ್ಲರ ಪಾಲಿಗೆ ನಾನು ಯಾರೂ ಕಲಿಸದೆ ಕಲಿತ ಹುಡುಗ. ಫಕೀರಪ್ಪ ಮಾಸ್ತರರು ಗಾಡಿಗೆ ಕಾಯುತ್ತ ಕೂತಿದ್ದ ಯಾರೋ ಒಬ್ಬ ಮುದುಕ.