ಊಟದ ಮೇಜಿನ ಮೇಲೊಂದು ಮತಗಟ್ಟೆ

ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದಲ್ಲಿ ಇಳಿದಾಗ ಮಧ್ಯಾಹ್ನ ಎರಡು ಗಂಟೆ. ಅಕ್ಟೋಬರ್ ತಿಂಗಳ ನಡುಭಾಗ. ಪಾಸ್‌ಪೋರ್ಟ್ ನೋಡುವ ಅಧಿಕಾರಿ ಮೂರೇ ಪ್ರಶ್ನೆ ಕೇಳಿದ: ಯಾಕೆ ಬಂದಿರಿ, ಎಲ್ಲಿ ಇರುತ್ತೀರಿ, ವಾಪಸ್ಸು ಯಾವಾಗ. ತಂಗಿಯನ್ನು ನೋಡಲು, ಡ್ಯಾನ್‌ವಿಲ್‌ನಲ್ಲಿ, ಐದು ವಾರಕ್ಕೆ ಎಂದೆ. ಅಲ್ಲಿ ಅಧ್ಯಕ್ಷರ ಚುನಾವಣೆ ಹತ್ತಿರ ಬಂದಿದೆ, ಹೊರಗಿನವರ ಫೋನು ಕಸಿದು ನೋಡುತ್ತಾರೆ ಎಂದು ಗದಗಿನಲ್ಲಿ ಎಲ್ಲರೂ ಹೆದರಿಸಿ ಕಳಿಸಿದ್ದರು. ಆ ಭಯಕ್ಕೆ ನಾನು ದಾರಿಯಲ್ಲೇ ಫೋನಿನಲ್ಲಿದ್ದ ಅಮೆರಿಕದ ರಾಜಕೀಯದ ಜೋಕುಗಳನ್ನೆಲ್ಲ ಅಳಿಸಿಹಾಕಿದ್ದೆ. ಆತ ಫೋನು ಕೇಳಲೇ ಇಲ್ಲ, ಠಸ್ಸೆ ಒತ್ತಿ ನಕ್ಕು ಕಳಿಸಿದ. ಇಷ್ಟು ಸಲೀಸಾಗಿ ಯಾಕೆ ಬಿಟ್ಟ ಎಂದು ಸಾಮಾನು ಬರುವ ತನಕ ಅದೇ ಯೋಚನೆಯಾಯಿತು.

ನನ್ನ ಸ್ವಭಾವವೇ ಹಾಗೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವನು ನಾನು. ನೌಕರಿಯಲ್ಲಿದ್ದಷ್ಟು ಕಾಲ ಹನ್ನೊಂದು ಚುನಾವಣೆಗಳಲ್ಲಿ ಮತಗಟ್ಟೆಯ ಕೆಲಸಕ್ಕೆ ಹೋಗಿದ್ದೇನೆ. ರೋಣ, ನರಗುಂದ, ಮುಂಡರಗಿ ಕಡೆಯ ಹಳ್ಳಿಗಳ ಶಾಲೆಗಳಲ್ಲಿ ಅರಗು ಕರಗಿಸಿ ಸೀಲು ಹಾಕಿದ್ದೇನೆ. ಬುರ್ಖಾ ಇರಲಿ ಸೆರಗಿರಲಿ, ಮುಖ ತೋರಿಸದೆ ಯಾರನ್ನೂ ಒಳಗೆ ಬಿಟ್ಟವನಲ್ಲ. ಕುರುಡ ಅಜ್ಜನ ಜೊತೆ ಬಂದ ಮೊಮ್ಮಗನನ್ನೂ ಅನುಮಾನದಿಂದಲೇ ನೋಡಿದವನು.

ಹೆಂಡತಿ ಗಿರಿಜಾ ನನ್ನ ಜೊತೆ ಬರಲಿಲ್ಲ. ವಿಮಾನದಲ್ಲಿ ಅಷ್ಟು ತಾಸು ಮೊಣಕಾಲು ಮಡಚಿ ಕೂಡುವುದು ತನ್ನಿಂದಾಗದು ಎಂದು ಕೈಮುಗಿದು, ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಯ ಗಂಟು ಕೊಟ್ಟು ಕಳಿಸಿದ್ದಳು. ತಂಗಿ ಶಾಂತಾ ನಿಲ್ದಾಣಕ್ಕೆ ಬಂದಿದ್ದಳು. ಇಬ್ಬರೂ ರೈಲು ಹತ್ತಿದೆವು. ಒಬ್ಬರಿಗೆ ಹದಿಮೂರು ಡಾಲರಿನ ಆಸುಪಾಸು ಟಿಕೇಟು. ಒಂದು ಕಡೆ ರೈಲು ಬದಲಿಸಿ, ಕೊಲ್ಲಿಯ ನೀರಿನ ಕೆಳಗಿನ ಸುರಂಗದಲ್ಲಿ ಹಾಯ್ದು, ಒಂದೂವರೆ ತಾಸಿಗೆ ಕೊನೆಯ ನಿಲ್ದಾಣ ಮುಟ್ಟಿದೆವು. ಅಲ್ಲಿಂದ ಶಾಂತಾ ತನ್ನ ಕಾರಿನಲ್ಲಿ ಫ್ರೀವೇ ಹಿಡಿದಳು. ಎರಡೂ ಕಡೆ ಒಣಹುಲ್ಲಿನ ಗುಡ್ಡಗಳು, ನಮ್ಮ ಕಡೆಯ ಬೇಸಿಗೆಯ ಬಣವೆಯ ಬಣ್ಣ. ಆಕೆ ಅಲ್ಲಿ ಒಂದು ಡೇಕೇರಿನಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಾಳೆ. ಹೋದ ವರ್ಷ ಆ ದೇಶದ ಪ್ರಜೆಯಾದಳು. ಗಂಡ ಬಸವರಾಜರು ಹಳೆಯ ಪ್ರಜೆ, ಸೇತುವೆಗಳ ಇಂಜಿನಿಯರು.

"ಈ ಸಲ ನಂದೂ ಓಟ್ ಐತಿ ಅಣ್ಣಾ," ಎಂದಳು. "ಇಲ್ಲಿ ಬಂದ ಮ್ಯಾಲೆ ಮೊದಲನೇದು."

ಅವರ ಬೀದಿಯಲ್ಲಿ ಮನೆಯಂಗಳದ ಹುಲ್ಲಿನಲ್ಲಿ ಅಭ್ಯರ್ಥಿಗಳ ಹೆಸರಿನ ಫಲಕ ನೆಟ್ಟಿದ್ದರು. ಎಡಗಡೆಯ ಮನೆಯಲ್ಲಿ ಒಬ್ಬರದು, ಬಲಗಡೆಯಲ್ಲಿ ಇನ್ನೊಬ್ಬರದು. ನಡುವಿನ ನಮ್ಮ ಶಾಂತಾಳ ಅಂಗಳದಲ್ಲಿ ಬರೀ ಗುಲಾಬಿ ಗಿಡ. ಮರುದಿನ ಬೆಳಿಗ್ಗೆ ವಾಕಿಂಗ್ ಹೊರಟಾಗ ಎಡಗಡೆಯ ಮನೆಯ ಲಿಂಡಾ ಎಂಬ ವಯಸ್ಸಾದ ಹೆಂಗಸು ನನ್ನನ್ನು ನಿಲ್ಲಿಸಿ, ಇಂಡಿಯಾದಲ್ಲಿ ಈಗ ನಮ್ಮ ಬಗ್ಗೆ ಏನು ಮಾತಾಡುತ್ತಾರೆ, ನಗುತ್ತಾರಾ, ಎಂದು ಸಂಕೋಚದಿಂದ ಕೇಳಿದಳು. ಮೂರನೆಯ ದಿನ ಬಲಗಡೆಯವನು ಗರಾಜಿನ ಬಾಗಿಲಲ್ಲಿ ನಿಂತು ಅದನ್ನೇ ಬೇರೆ ಥರ ಕೇಳಿದ: ನಿಮ್ಮೂರಿನವರು ನಮಗೆ ಹೆದರುವುದನ್ನು ಬಿಟ್ಟಿದ್ದಾರೋ ಹೇಗೆ? ಇಬ್ಬರೂ ನನ್ನ ಬಾಯಿಂದ ಪಕ್ಕದ ಮನೆಯವರಿಗೆ ತಗಲುವ ಮಾತು ಹೊರಡಿಸಲು ನೋಡುತ್ತಿದ್ದಾರೆ ಎಂದು ನನಗೆ ಗುಮಾನಿ. ನಮ್ಮೂರಲ್ಲಿ ಸದ್ಯ ಹಿಂಗಾರಿ ಮಳೆಯ ಮಾತೇ ಜಾಸ್ತಿ ಎಂದು ಇಬ್ಬರಿಗೂ ಹೇಳಿದೆ. ನಿಜ ಹೇಳಬೇಕೆಂದರೆ ಗದಗಿನ ಚಹಾದಂಗಡಿಯಲ್ಲಿ ನಾವು ನಗುತ್ತಿದ್ದೆವು. ಚಂದ್ರನ ಮೇಲೆ ಹೋಗಿ ಬಂದವರಿಗೆ ಓಟು ಎಣಿಸಲು ವಾರಗಟ್ಟಲೆ ಬೇಕು ಎಂದು.

ಆದರೆ ಓಟು ಹಾಕುವ ಕ್ರಮ ನೋಡಿದಾಗ ನಗು ಬರಲಿಲ್ಲ, ಸಿಟ್ಟೇ ಬಂತು. ಮತಪತ್ರಗಳು ಮನೆಗೇ ಬರುತ್ತವೆ! ನಾನು ಹೋಗುವಷ್ಟರಲ್ಲಿ ಮೂರು ಲಕೋಟೆ ಬಂದು ಅಡಿಗೆಮನೆಯ ಕಟ್ಟೆಯ ಮೇಲೆ ಬಾಳೆಹಣ್ಣಿನ ಬುಟ್ಟಿಗೆ ಆನಿಕೊಂಡು ಬಿದ್ದಿದ್ದವು. ಬಸವರಾಜರದೊಂದು, ಶಾಂತಾಳದೊಂದು, ಕಾಲೇಜಿಗೆ ಹೋಗುವ ಮಗಳು ಮೇಘಾಳದೊಂದು. ಪೊಲೀಸರಿಲ್ಲ, ಏಜೆಂಟರಿಲ್ಲ, ಬೆರಳಿಗೆ ಶಾಯಿಯಿಲ್ಲ.

"ಯಾರರ ಕದ್ದರ?" ಎಂದು ಕೇಳಿದೆ.

"ಕದ್ದರೂ ಲಕೋಟಿ ಮ್ಯಾಲಿನ ಸಹಿ ಹೊಂದಬೇಕಲ್ರಿ ಮಾಸ್ತರ್," ಎಂದರು ಬಸವರಾಜರು. ಮದುವೆಗೆ ಮುಂಚಿನಿಂದಲೂ ಅವರು ನನ್ನನ್ನು ಮಾಸ್ತರ್ ಎಂದೇ ಕರೆಯುವುದು. "ನೀವೂ ಇಲೆಕ್ಷನ್ ಡ್ಯೂಟಿ ಇದ್ದಾಗ ಪೋಸ್ಟಿನಾಗ ಹಾಕ್ತಿದ್ರಲ್ಲ?"

ಅದು ಬೇರೆ, ಅದಕ್ಕೆ ಅಧಿಕಾರಿಯ ರುಜು ಇರುತ್ತಿತ್ತು ಎಂದೆ. ಅವರು ನಕ್ಕರು.

ಭಾನುವಾರ ಬಂತು. ಮೇಘಾ ಮೊದಲೇ ತನ್ನ ಲಕೋಟೆ ಎತ್ತಿಕೊಂಡು ಮಹಡಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಸವರಾಜರು ಊಟದ ಮೇಜಿನ ಮೇಲೆ ದಪ್ಪನೆಯ ಮಾಹಿತಿ ಪುಸ್ತಕ ಹರವಿಕೊಂಡು, ಗುರುತು ಹಾಕಿಕೊಂಡು, ಎರಡು ತಾಸು ಕೂತು ತಮ್ಮ ಮತಪತ್ರ ತುಂಬಿದರು. ಒಂದು ಹಾಳೆಯಲ್ಲ ಅದು. ಅಧ್ಯಕ್ಷರಿಂದ ಹಿಡಿದು ಶಾಲಾ ಮಂಡಳಿಯ ತನಕ, ಜೊತೆಗೆ ಹತ್ತಾರು ಕಾನೂನುಗಳಿಗೆ ಹೌದು ಅಥವಾ ಇಲ್ಲ. ಮುಗಿದ ಮೇಲೆ ಅದನ್ನು ಮಡಚಲಿಲ್ಲ. ಶಾಂತಾಳ ಖಾಲಿ ಮತಪತ್ರದ ಪಕ್ಕದಲ್ಲಿ ಇಟ್ಟು, "ತಗೋ, ಇದನ್ನ ನೋಡಿ ಹಾಕಿಬಿಡು. ಎಲ್ಲಾ ರಿಸರ್ಚ್ ಮಾಡೀನಿ," ಎಂದರು.

ಶಾಂತಾ ಪೆನ್ನು ಕೈಗೆತ್ತಿಕೊಂಡಳು. ಒಂದು ಗಳಿಗೆ ಗಂಡನ ಹಾಳೆ ನೋಡಿದಳು, ಒಂದು ಗಳಿಗೆ ನನ್ನ ಕಡೆ ನೋಡಿದಳು. ಆ ನೋಟ ನನಗೆ ಗೊತ್ತು. ಮತಗಟ್ಟೆಯಲ್ಲಿ ಗಂಡ ಬೆನ್ನ ಹಿಂದೆಯೇ ನಿಂತಾಗ ಹೆಂಗಸರು ಹಾಗೆ ನೋಡುತ್ತಾರೆ. ಪರರ ಮನೆಯ ವಿಷಯ, ಬಂದ ಅತಿಥಿ ಮೂಗು ತೂರಿಸಬಾರದು ಎಂದು ಮನಸ್ಸು ಹೇಳಿತು. ಕಾಲು ಕೇಳಲಿಲ್ಲ. ಗರಾಜಿಗೆ ಹೋದೆ. ಯಾವುದೋ ಸಾಮಾನು ಬಂದ ದೊಡ್ಡ ರಟ್ಟಿನ ಡಬ್ಬಿ ಬಿದ್ದಿತ್ತು. ಅಡಿಗೆಮನೆಯ ಕತ್ತರಿಯಿಂದ ಅದರ ಒಂದು ಮಗ್ಗುಲು ಕತ್ತರಿಸಿ ತೆಗೆದು, ಉಳಿದ ಮೂರು ಮಗ್ಗುಲನ್ನು ಮೇಜಿನ ಮೇಲೆ ಮರೆಯಾಗಿ ನಿಲ್ಲಿಸಿದೆ. ನಮ್ಮ ಮತಗಟ್ಟೆಗಳಲ್ಲಿ ಇಡುವಂಥದೇ.

"ಇದೇನ್ರಿ ಮಾಸ್ತರ್, ನಾಟಕ?" ಎಂದರು ಬಸವರಾಜರು.

"ನಿಮ್ಮ ಕಾಗದ ತಗೋರಿ. ಆಕಿ ಓಟು ಹಾಕೂತನಕ ಈ ಕಡೆ ಯಾರೂ ಬರೂದಿಲ್ಲ. ನಾನೂ ಬರೂದಿಲ್ಲ."

ಅವರಿಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ಮಹಡಿಯಿಂದ ಇಳಿದ ಮೇಘಾ ಅದನ್ನು ನೋಡಿ, "ಓ ಮೈ ಗಾಡ್, ಮಾಮಾ, ದಿಸ್ ಈಸ್ ಅಮೇಜಿಂಗ್," ಎಂದು ಫೋಟೋ ತೆಗೆಯಲು ಬಂದಳು. ಮತಗಟ್ಟೆಯಲ್ಲಿ ಫೋಟೋ ಇಲ್ಲ ಎಂದು ಗದರಿಸಿದೆ. ಶಾಂತಾ ಆ ಮರೆಯ ಹಿಂದೆ ಮಾಹಿತಿ ಪುಸ್ತಕ ಇಟ್ಟುಕೊಂಡು ಮುಕ್ಕಾಲು ತಾಸು ಕೂತಳು. ಎರಡು ಸಲ ಫೋನಿನಲ್ಲಿ ಯಾವುದೋ ಪದದ ಅರ್ಥ ನೋಡಿದಳು. ಲಕೋಟೆ ಅಂಟಿಸಿ, ಸಹಿ ಹಾಕಿ, ಎದೆಗೆ ಹಿಡಿದುಕೊಂಡು ಎದ್ದಳು. ಗ್ರಂಥಾಲಯದ ಮುಂದೆ ಮತಪತ್ರಗಳಿಗೆಂದೇ ಇಟ್ಟ ಉಕ್ಕಿನ ಪೆಟ್ಟಿಗೆಗೆ ಹಾಕಲು ಎಲ್ಲರೂ ನಡೆದೇ ಹೋದೆವು. ಕೊಡು, ನಾನೇ ಹಾಕುತ್ತೇನೆ ಎಂದು ಬಸವರಾಜರು ಕೈಚಾಚಿದರು. ಆಕೆ ಕೊಡಲಿಲ್ಲ. ಆ ಪೆಟ್ಟಿಗೆಯ ಬೀಗ ಎರಡು ಸಲ ಎಳೆದು ನೋಡಿದೆ, ಗಟ್ಟಿಯಾಗಿತ್ತು. ಆದರೂ ಕಾಯಲು ಒಬ್ಬ ಹೋಮ್‌ಗಾರ್ಡ್ ಕೂಡ ಇರಲಿಲ್ಲವಲ್ಲ ಎಂದು ವಾರವೆಲ್ಲ ತಳಮಳಿಸಿದೆ.

ನವೆಂಬರ್ ಬಂತು, ಚುನಾವಣೆ ಮುಗಿಯಿತು. ಬಸವರಾಜರು ಒಪ್ಪಿದ ಅಭ್ಯರ್ಥಿ ಸೋತರು. ಮರುದಿನ ಪಕ್ಕದೂರು ಸ್ಯಾನ್ ರಮೋನ್‌ನಲ್ಲಿ ಗ್ರೋಸರಿಗೆ ಹೋದಾಗ ಅಂಗಡಿ ತುಂಬ ಜನ, ಆದರೆ ಮಾತಿಲ್ಲ. ಟೊಮ್ಯಾಟೊ ಆರಿಸುತ್ತಿದ್ದವರು ಪಕ್ಕದವರ ಮುಖವನ್ನು ಕಳ್ಳಗಣ್ಣಿನಿಂದ ನೋಡಿ, ಇವರು ಯಾರಿಗೆ ಹಾಕಿರಬಹುದು ಎಂದು ಅಳೆಯುತ್ತಿದ್ದರು. ಎರಡೂ ಅಂಗಳಗಳ ಫಲಕಗಳನ್ನು ಕಿತ್ತು ತೆಗೆದಿದ್ದರು. ಲಿಂಡಾ ನನ್ನನ್ನು ಕಂಡು ಕೈ ಬೀಸಿದಳು, ಆದರೆ ಈ ಸಲ ಏನೂ ಕೇಳಲಿಲ್ಲ. ಗದಗಿನಿಂದ ಮಾತ್ರ ಗೆಳೆಯರ ಮೆಸೇಜಿನ ಮೇಲೆ ಮೆಸೇಜು: ಅಲ್ಲಿ ಗಲಾಟೆ ಆಯಿತಂತೆ, ಹೊರಗೆ ಬೀಳಬೇಡ. ನಾನು ಆಗ ಅಂಗಳದಲ್ಲಿ ಬಿಸಿಲಿಗೆ ಕೂತು ಕಿತ್ತಳೆ ಸುಲಿಯುತ್ತಿದ್ದೆ.

ಶನಿವಾರ ಸರಟೋಗಾದಲ್ಲಿ ಬೆಂಗಳೂರು ಮೂಲದ ನಾಗೇಂದ್ರ ಎಂಬ ಬಸವರಾಜರ ಸ್ನೇಹಿತರ ಮನೆಯಲ್ಲಿ ಮಧ್ಯಾಹ್ನದ ಊಟ. ಕಾರಿನಲ್ಲಿ ಸುಮಾರು ಒಂದು ತಾಸು. ಬಿಸಿಬೇಳೆಬಾತು, ಕೋಸಂಬರಿ, ಅಂಗಡಿಯ ಹೋಳಿಗೆ. ಊಟಕ್ಕೆ ಬಂದವರೆಲ್ಲ ಎಲ್ಲಿ ಏನು ಹೇಳಿದರೆ ಏನಾಗುತ್ತದೋ ಎಂದು ಮಾತು ಮಾತಿಗೂ ಸುತ್ತ ನೋಡುತ್ತಿದ್ದರು. ನಾಗೇಂದ್ರ ನನ್ನ ತಟ್ಟೆಗೆ ತುಪ್ಪ ಹಾಕುತ್ತ, "ಊರಲ್ಲಿ ನಮ್ಮ ದೇಶದ್ ಇಮೇಜು ಫುಲ್ ಹಾಳಾಗೋಯ್ತಲ್ವಾ ಸಾರ್?" ಎಂದರು. ನಮ್ಮ ದೇಶ ಎಂದರೆ ಯಾವುದು ಎಂದು ತಿಳಿಯಲು ನನಗೆ ಒಂದು ನಿಮಿಷ ಹಿಡಿಯಿತು. ಆಮೇಲೆ ಅವರು ಬಸವರಾಜರ ಕಡೆ ತಿರುಗಿ, ಅರ್ಧ ತಮಾಷೆಯಾಗಿ, "ಈಗ ಯಾರನ್ನೂ ನಂಬೋ ಹಾಗಿಲ್ಲ ಬಿಡಿ. ನಿಮ್ಮನೇಲಿ ಎಲ್ರೂ ಒಂದೇ ಕಡೆ ತಾನೇ?" ಎಂದರು.

"ಅದೇನ್ ಕೇಳ್ತೀರಿ. ನಮ್ಮ ಮನಿ ಮೂರೂ ಓಟು ಒಂದ ಕಡೆ," ಎಂದರು ಬಸವರಾಜರು.

ಶಾಂತಾ ತಟ್ಟೆಯಿಂದ ತಲೆ ಎತ್ತಿದಳು. "ನಿಮ್ಮ ಓಟಿಂದ ಅಷ್ಟ ಹೇಳ್ರಿ. ನಂದು ನೀವು ಹೇಳಬ್ಯಾಡ್ರಿ."

ದನಿ ಏರಿಸಲಿಲ್ಲ. ಆದರೂ ಮೇಜಿನ ಮೇಲಿನ ಕೈಗಳೆಲ್ಲ ನಿಂತವು. ನಾಗೇಂದ್ರರ ಹೆಂಡತಿ ಅವಸರದಲ್ಲಿ ಮಜ್ಜಿಗೆ ತಂದರು. ವಾಪಸ್ಸು ಬರುವಾಗ ಫ್ರೀವೇಯಲ್ಲಿ ಗಾಡಿಗಳು ಆಮೆಯ ಹಾಗೆ ತೆವಳುತ್ತಿದ್ದವು. ಮನೆಗೆ ಬಂದೊಡನೆ ಬಸವರಾಜರು ನನ್ನನ್ನು ಅಂಗಳಕ್ಕೆ ಕರೆದರು.

"ಮಾಸ್ತರ್, ನೀವ ಡಬ್ಬಿ ಇಟ್ಟವ್ರು. ನಿಮಗ ಹೇಳಿರ್ತಾಳ. ಯಾರಿಗೆ ಹಾಕ್ಯಾಳ?"

ನನಗೆ ಗೊತ್ತಿಲ್ಲ ಎಂದೆ. ಅವರು ನಂಬಲಿಲ್ಲ. "ಇಪ್ಪತ್ನಾಕು ವರ್ಷ ಆತ್ರಿ ಮದುವಿ ಆಗಿ. ಈಗ ಆಕಿ ಮುಖ ನೋಡಿದ್ರ, ಈಕಿ ಯಾರು ಅನಸಾಕತೈತಿ," ಎಂದರು. ಅವರ ಕಣ್ಣಲ್ಲಿ ನೀರಿತ್ತು. ನನಗೆ ಪಾಪ ಅನಿಸಿತು. ಚೆನ್ನಾಗಿದ್ದ ಮನೆಗೆ ಹುಳಿ ಹಿಂಡಿದೆನೇ ಎಂದು ಮೊದಲ ಸಲ ನನ್ನ ಮೇಲೆಯೇ ಅನುಮಾನ ಬಂತು.

ಎರಡು ದಿನ ಗಂಡ ಹೆಂಡತಿ ಉಪ್ಪು, ಕಾರಿನ ಕೀಲಿ ಇಂಥ ಮಾತುಗಳಲ್ಲೇ ಕಳೆದರು. ಮೂರನೆಯ ದಿನ ಬೆಳಿಗ್ಗೆ ಬಸವರಾಜರು ಆಫೀಸಿಗೆ ಹೋದ ಮೇಲೆ, ಶಾಂತಾ ಪಾತ್ರೆ ಒರೆಸುತ್ತಿದ್ದಾಗ ನಾನು ಮೆಲ್ಲಗೆ ಕೇಳಿಬಿಟ್ಟೆ. ರಾಜಿ ಮಾಡಿಸಲು ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ನನಗೂ ತಿಳಿಯುವ ಚಪಲವಿತ್ತು.

"ನನ್ನ ಮುಂದ ಅಷ್ಟ ಹೇಳು. ಯಾರಿಗೆ ಹಾಕಿದಿ?"

ಆಕೆ ಒರೆಸುವುದನ್ನು ನಿಲ್ಲಿಸಿದಳು. "ನೀನೂ ಕೇಳಾಕತ್ತಿಯಾ ಅಣ್ಣಾ?"

"ಅವರು ಕೊರಗಾಕತ್ತಾರ. ಅದಕ್ಕ."

"ಅವರು ಕೊರಗಲಿ, ಕೇಳಲಿ, ಸಿಟ್ಟಾಗಲಿ. ನಾ ಅವರ ಜೋಡಿ ಮಾತಾಡಿಕೋತೀನಿ. ನಿನಗ ಒಂದು ಕೇಳ್ತೀನಿ. ನನ್ನ ಮದುವಿಗಿಂತ ಮೊದಲ ನಾ ನಿನ್ನ ಮನ್ಯಾಗ ಇದ್ದೆ, ನೆನಪೈತಿಲ್ಲೋ? ನೀ ಇಲೆಕ್ಷನ್ ಡ್ಯೂಟಿಗೆ ಹೋಗೂ ಮುಂಚೆ ಅಡಗಿಮನಿ ಬಾಗಲ ಹಿಂದ ಸೀಮೆಸುಣ್ಣದಲೆ ಒಂದು ಪಾರ್ಟಿ ಚಿಹ್ನಿ ಬರದು ಹೋಗ್ತಿದ್ದಿ. ಗಿರಿಜಾ ವೈನಿ ಮರಿಬಾರದು ಅಂತ. ನಾ ಕಣ್ಣಾರೆ ನೋಡೀನಿ. ವೈನಿಗೆ ಯಾವಾಗರ ರಟ್ಟು ಇಟ್ಟಿದ್ದೇನು?"

ಒತ್ತಾಯ ಮಾಡಿಲ್ಲ, ಬರೀ ಹೇಳಿದ್ದೆ ಎನ್ನಬೇಕೆಂದುಕೊಂಡೆ. ಬಸವರಾಜರೂ ಅದನ್ನೇ ಹೇಳಿದ್ದರಲ್ಲ, ಎಲ್ಲಾ ರಿಸರ್ಚ್ ಮಾಡೀನಿ ಎಂದು. ಊರೂರು ತಿರುಗಿ ಯಾರ ಬೆನ್ನ ಹಿಂದೆಯೂ ಯಾರನ್ನೂ ನಿಲ್ಲಗೊಡದವನು, ನನ್ನ ಮನೆಯ ಬಾಗಿಲ ಹಿಂದೆ ಆ ಕೆಲಸ ನಾನೇ ಮಾಡಿದ್ದೆ. ಪಾತ್ರೆ ಒರೆಸುವ ಬಟ್ಟೆ ಅವಳ ಕೈಯಿಂದ ಇಸಿದುಕೊಂಡು ಉಳಿದವನ್ನು ನಾನು ಒರೆಸಿದೆ.

ನಾನು ಹೊರಡುವ ಹೊತ್ತಿಗೆ ಗಂಡ ಹೆಂಡತಿ ಮತ್ತೆ ಸರಿಯಾಗಿ ಮಾತಾಡುತ್ತಿದ್ದರು. ಆಕೆ ಹೇಳಿದಳೋ, ಅವರು ಕೇಳುವುದನ್ನು ಬಿಟ್ಟರೋ, ನಾನು ವಿಚಾರಿಸಲಿಲ್ಲ. ವಿಮಾನ ನಿಲ್ದಾಣಕ್ಕೆ ಬಸವರಾಜರೇ ಕರೆದೊಯ್ದರು. ದಾರಿಯಲ್ಲಿ ಊರಲ್ಲಿ ನಮ್ಮ ಬಗ್ಗೆ ಏನು ಹೇಳುತ್ತೀರಿ ಎಂದು ಅವರೂ ಕೇಳಿದರು. ಮೂರು ಲಕೋಟೆ, ಮೂರು ಓಟು, ಅಷ್ಟು ಹೇಳುತ್ತೇನೆ ಎಂದೆ.

ಬೆಂಗಳೂರಿನಲ್ಲಿ ಇಳಿದು ರೈಲು ಹಿಡಿದು ಗದಗ ಮುಟ್ಟಿದಾಗ ಬೆಳಗಿನ ಎಂಟು ಗಂಟೆ. ಗಿರಿಜಾ ಸ್ಟೇಶನ್ನಿನ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದಳು. ಮನೆಯ ತನಕ ತಡೆಯಲು ನನ್ನಿಂದ ಆಗಲಿಲ್ಲ. ಚೀಲ ಕೆಳಗಿಟ್ಟು ಅಲ್ಲೇ ಕೇಳಿದೆ: "ಇಷ್ಟು ವರ್ಷ ನಾ ಬರದು ಹೋಗ್ತಿದ್ದೆನಲ್ಲ, ನೀ ಅದಕ್ಕ ಹಾಕ್ತಿದ್ದೇನು?"

ಅವಳು ನನ್ನ ಮುಖ ನೋಡಿದಳು. ವಿಮಾನದಲ್ಲಿ ನಿದ್ದೆಗೆಟ್ಟು ಹೀಗೆ ಮಾತಾಡುತ್ತಿದ್ದಾನೋ ಎಂಬ ನೋಟ. ಆಮೇಲೆ ಹೇಳಿದಳು: "ಹೂನ್ರಿ. ಅದಕ್ಕ ಹಾಕ್ತಿದ್ದೆ. ನನಗ ಬ್ಯಾರೆ ಅನಿಸಿದ್ದು ನಾಕು ಸಲ."

ಅದರಲ್ಲಿ ಸಿಟ್ಟೂ ಇರಲಿಲ್ಲ, ದೂರೂ ಇರಲಿಲ್ಲ. ಅದನ್ನೇ ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

"ಯಾವ ನಾಕು?"

"ಅದನ್ನ ಹೇಳಂಗಿಲ್ಲ," ಎಂದು ಗಿರಿಜಾ ಕೈಯೆತ್ತಿ ಆಟೋ ನಿಲ್ಲಿಸಿದಳು.