ಮೈದುನನ ವಾಕಿಟಾಕಿ

ಆಸ್ಪತ್ರೆಯ ಟೆಲಿಫೋನ್ ಆಪರೇಟರಮ್ಮನಿಗೆ ಅನುಮಾನ ಹುಟ್ಟಿನಿಂದಲೇ ಬಂದದ್ದು. ಬೀಗ ಹಾಕಿ ನಾಲ್ಕು ಹೆಜ್ಜೆ ಹೋದವಳು ತಿರುಗಿ ಬಂದು ಜಗ್ಗಿ ನೋಡುತ್ತಿದ್ದಳು. ಗಡಿಯಾರದಲ್ಲಿ ಗಂಟೆ ನೋಡಿ, ಗಡಿಯಾರ ಸರಿಯಿದೆಯೇ ಎಂದು ಇನ್ನೊಬ್ಬರನ್ನು ಕೇಳುತ್ತಿದ್ದಳು. "ನೀನು ಕನ್ನಡಿ ಮುಂದೆ ನಿಂತ್ರೂ, ಯಾರಮ್ಮ ನೀನು, ಇಲ್ಲೇನು ಕೆಲಸ ಅಂತ ಕೇಳೋಳು" ಎಂದು ಗಂಡ ನಗುತ್ತಿದ್ದ. ಅವಳಿಗೆ ನಗು ಬರುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ನೆಲಮಹಡಿಯ ಕಿಷ್ಕಿಂಧೆಯಂಥ ಕೋಣೆಯಲ್ಲಿ ಕುಳಿತು ಊರಿನವರ ದನಿಯನ್ನೆಲ್ಲ ಕೇಳಿದವಳು. ಸುಳ್ಳು ಹೇಳುವವರ ಉಸಿರೇ ಬೇರೆ ಎಂಬುದು ಅವಳ ನಂಬಿಕೆ.

ಈ ನಂಬಿಕೆಯ ಏಟು ಹೆಚ್ಚಾಗಿ ಬೀಳುತ್ತಿದ್ದುದು ಮೈದುನನ ಮೇಲೆ. ಗಂಡನ ತಮ್ಮ ಅದೇ ಆಸ್ಪತ್ರೆಯಲ್ಲಿ ಆಂಬುಲೆನ್ಸ್ ಓಡಿಸುತ್ತಿದ್ದ. ಹಿಂದೊಮ್ಮೆ ಅವಳ ಹೊಲಿಗೆ ಯಂತ್ರವನ್ನು ರಿಪೇರಿಗೆಂದು ಒಯ್ದವನು ವಾಪಸು ತಂದಿರಲಿಲ್ಲ. ಮೂರು ಸಲ ಕೇಳಿದ್ದಕ್ಕೆ ಮೂರು ಕಥೆ ಹೇಳಿದ್ದ. ಅದಾಗಿ ಹದಿನೈದು ವರ್ಷವಾಗಿತ್ತು. ಅವನು ಮರೆತಿದ್ದ, ಗಂಡನೂ ಮರೆತಿದ್ದ. ಅವಳು ಮಾತ್ರ ಅವನು ಮನೆಗೆ ಬಂದು ಹೋದಮೇಲೆ ಒಂದು ಸುತ್ತು ಕಣ್ಣಾಡಿಸುವುದನ್ನು ಬಿಟ್ಟಿರಲಿಲ್ಲ.

ಹೀಗಿರುವಾಗ ಊರಿನ ದೊಡ್ಡ ವಿದ್ಯುತ್ ಕೇಂದ್ರ ಸುಟ್ಟುಹೋಗಿ ಕರೆಂಟ್ ನಿಂತಿತು. ಮೊದಲ ದಿನ ಸಂಜೆಗೆ ಬರುತ್ತದೆ ಅಂದರು, ಎರಡನೇ ದಿನ ನಾಳೆ ಅಂದರು, ಮೂರನೇ ದಿನ ಯಾರೂ ಏನೂ ಅನ್ನಲಿಲ್ಲ. ಮೊಬೈಲುಗಳು ಸತ್ತವು, ಅವಳ ಟೆಲಿಫೋನ್ ಬೋರ್ಡೂ ಕಣ್ಣು ಮುಚ್ಚಿತು. ಜನರೇಟರಿನ ಡೀಸೆಲ್ಲನ್ನು ಆಪರೇಷನ್ ಕೋಣೆಗೆ ಮತ್ತು ಆಕ್ಸಿಜನ್ನಿಗೆ ಮಾತ್ರ ಎತ್ತಿಟ್ಟರು. ಲಿಫ್ಟ್ ನಿಂತಿದ್ದರಿಂದ ರೋಗಿಗಳನ್ನು ಹೊತ್ತೇ ಮಹಡಿ ಹತ್ತಿಸಬೇಕಿತ್ತು. ಆಗ ಸ್ಟೋರಿನಲ್ಲಿದ್ದ ಆರು ವಾಕಿಟಾಕಿಗಳು ಹೊರಬಂದವು. ಮಹಡಿಗೊಂದರಂತೆ ನಾಲ್ಕು (ನೆಲಮಹಡಿಯದು ಅವಳ ಮೇಜಿನ ಮೇಲೆ), ಗೇಟಿಗೊಂದು, ಆಂಬುಲೆನ್ಸಿಗೊಂದು. ಉಸ್ತುವಾರಿ ಆಪರೇಟರಮ್ಮನದು.

ಒಂದೊಂದು ಸೆಟ್ಟಿಗೆ ಎರಡು ಬ್ಯಾಟರಿ. ಆರು ಕೆಲಸದಲ್ಲಿರುವಾಗ ಆರು ಚಾರ್ಜಿಗೆ. ಆಸ್ಪತ್ರೆಯ ಎಲೆಕ್ಟ್ರಿಷಿಯನ್ ತಾರಸಿಯ ಮೇಲೊಂದು ಸೋಲಾರ್ ಹಲಗೆ ಇಟ್ಟು, ಅದರಿಂದ ಹಳೆಯ ವ್ಯಾನಿನ ಬ್ಯಾಟರಿಗೆ, ಅಲ್ಲಿಂದ ಸಣ್ಣ ಇನ್ವರ್ಟರಿಗೆ ತಂತಿ ಎಳೆದ. ಆರು ಚಾರ್ಜರುಗಳನ್ನು ಸಿಕ್ಕಿಸಲು ಜಾಗವಿಲ್ಲದೆ, ಆರು ಗೂಡುಗಳ ಹಳೆಯದೊಂದು ಚಾರ್ಜರನ್ನು ಧೂಳು ಕೊಡವಿ ತಂದ.

"ಕೆಂಪು ದೀಪ ಇದ್ರೆ ತುಂಬ್ತಾ ಇದೆ, ಹಸಿರು ಬಂದ್ರೆ ತುಂಬಿದೆ. ಇಷ್ಟೇ ಅಕ್ಕ."

"ಹಸಿರು ಬಂದಿದ್ದು ಸುಳ್ಳಾದ್ರೆ?"

"ದೀಪ ಯಾಕೆ ಸುಳ್ಳು ಹೇಳುತ್ತೆ ಅಕ್ಕ? ಅದಕ್ಕೇನು ಲಾಭ?"

ಈ ಮಾತು ಅವಳಿಗೆ ಒಪ್ಪಿಗೆಯಾಯಿತು. ಲಾಭವಿದ್ದವರ ಮೇಲೆ ಕಣ್ಣಿಡುವುದೇ ಅವಳ ಪದ್ಧತಿ.

ಅವಳು ಬ್ಯಾಟರಿಗಳಿಗೆ ನಂಬರು ಬರೆದಳು. ಎರಡು ಮಾತಿನಲ್ಲಿ ಮುಗಿಯುವುದನ್ನು ಮೂರರಲ್ಲಿ ಹೇಳಿದರೆ ರೇಡಿಯೋದಲ್ಲೇ ಗದರಿದಳು. ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಎರಡಕ್ಕೆ ಎಲ್ಲರೂ ಬಂದು ಖಾಲಿಯಾದದ್ದನ್ನು ಕೊಟ್ಟು ತುಂಬಿದ್ದನ್ನು ಒಯ್ಯಬೇಕು. ಮೈದುನ ಯಾವಾಗಲೂ ಕೊನೆಗೆ ಬರುತ್ತಿದ್ದ. ಮೊದಲೇ ಬಂದರೂ "ನಿಲ್ಲು, ಮಹಡಿಯವರದು ಮೊದಲು" ಎಂದು ಅವಳೇ ನಿಲ್ಲಿಸುತ್ತಿದ್ದಳು.

ಎರಡೇ ದಿನದಲ್ಲಿ ಅವಳಿಗೆ ವಾಸನೆ ಹತ್ತಿತು. ಉಳಿದವರ ಬ್ಯಾಟರಿ ಬದಲಿಸುವ ಹೊತ್ತಿಗೂ ಜೀವ ಹಿಡಿದಿರುತ್ತಿತ್ತು. ಮೈದುನನದು ಗಂಟೆ ತುಂಬುವುದರೊಳಗೆ ಗೊಟಕ್. ಚಾರ್ಜರಿನಲ್ಲಿ ಎಲ್ಲಕ್ಕಿಂತ ಮೊದಲು ಹಸಿರಾಗುತ್ತಿದ್ದುದೂ ಅವನದೇ. ಅಷ್ಟು ಚೆನ್ನಾಗಿ ತುಂಬಿದ್ದು ಅಷ್ಟು ಬೇಗ ಖಾಲಿಯಾಗುವುದೆಂದರೆ?

"ಏನ್ ಮಾಡ್ತೀಯಪ್ಪ ಇದನ್ನ?"

"ಏನ್ ಮಾಡ್ಲಿ ಅತ್ತಿಗೆ? ಸೊಂಟಕ್ಕೆ ಸಿಕ್ಕಿಸ್ಕೋತೀನಿ, ಅದು ಸಾಯುತ್ತೆ."

ಬದಲಾಯಿಸಿ ಕೊಡುತ್ತಿದ್ದಾನೋ ಎಂದು ಬ್ಯಾಟರಿಯ ಮೂಲೆಗೆ ಉಗುರುಬಣ್ಣದ ಚುಕ್ಕೆ ಇಟ್ಟಳು. ಚುಕ್ಕೆ ಹಾಗೇ ವಾಪಸು ಬಂತು. ಗೆಳೆಯರ ಜೊತೆ ಹರಟುತ್ತಿದ್ದಾನೋ ಎಂದು ಕಿವಿ ಕೊಟ್ಟು ಕುಳಿತಳು. ಅವನು ಮಾತೇ ಆಡುತ್ತಿರಲಿಲ್ಲ. ಅನುಮಾನ ಇನ್ನೂ ಗಟ್ಟಿಯಾಯಿತು. ಮಾತಾಡದೆ ಖಾಲಿಯಾಗಬೇಕಾದರೆ ಅದಕ್ಕೆ ತಂತಿ ಕಟ್ಟಿ ಮೊಬೈಲ್ ತುಂಬಿಸುತ್ತಿರಬೇಕು, ತನ್ನದೋ, ಊರಿನವರದೋ. ಹೊಲಿಗೆ ಯಂತ್ರವನ್ನು ನುಂಗಿದವನಿಗೆ ಇದು ಯಾವ ಮಹಾ?

ಗಂಡನಿಗೆ ಹೇಳಿದಳು. "ನೋಡಿದ್ದೀಯಾ?" ಎಂದ ಅವನು. "ನೋಡೋದೇನು, ಗೊತ್ತಾಗುತ್ತಲ್ಲ" ಎಂದಳು. ಐದನೇ ದಿನ ಬೆಳಿಗ್ಗೆ ಮೇಲ್ವಿಚಾರಕರಿಗೆ ಒಂದು ಪುಟದ ದೂರು ಬರೆದುಕೊಟ್ಟಳು. ಕೊನೆಯಲ್ಲಿ "ಸಂಬಂಧಿಕನೆಂದು ಮುಚ್ಚಿಡುವುದು ನನ್ನಿಂದಾಗದು" ಎಂದು ಸೇರಿಸಿದಾಗ ಒಳಗೊಳಗೇ ಹೆಮ್ಮೆಯೂ ಆಯಿತು.

ಅದೇ ದಿನ ಹತ್ತು ಗಂಟೆಗೆ ಮೈದುನ ಬೇಕರಿಯ ಯಜಮಾನನನ್ನು ಕರೆತರುತ್ತಿದ್ದ. ಎದೆನೋವು, ಭಾರಿ ತೂಕದ ಆಳು. ಗೇಟಿಗೆ ಬರುವ ಮೊದಲೇ ಹೊರುವವರನ್ನು ಕೆಳಗಿಳಿಸಿ ಎಂದು ಹೇಳಲು ಗುಂಡಿ ಒತ್ತಿದರೆ ರೇಡಿಯೋ ಮಿಸುಕಲಿಲ್ಲ. ಹೊರುವ ನಾಲ್ವರೂ ಮೂರನೇ ಮಹಡಿಯಲ್ಲಿ ಇನ್ನೊಬ್ಬರನ್ನು ಎತ್ತುತ್ತಿದ್ದರು. ಕಾಯಲು ಹೊತ್ತಿರಲಿಲ್ಲ. ಯಜಮಾನನನ್ನು ಕುರ್ಚಿಯಲ್ಲಿ ಕೂರಿಸಿ, ಮುಂದೆ ಅವನ ಮಗಳು, ಹಿಂದೆ ಮೈದುನ ಹಿಡಿದು ಮೆಟ್ಟಿಲು ಹತ್ತಿದರು. ಎರಡನೇ ಮಹಡಿಯ ತಿರುವಿನಲ್ಲಿ ಮಗಳ ಕೈ ಜಾರಿತು. ಕುರ್ಚಿ ಉರುಳದಂತೆ ಇಡೀ ಭಾರಕ್ಕೆ ಬೆನ್ನು ಕೊಟ್ಟು ನಿಂತವನು ಮೈದುನ. ಯಜಮಾನ ಬದುಕಿಕೊಂಡ. ಮೈದುನನ ಮಣಿಕಟ್ಟು ಗೋಡೆಗೂ ಕುರ್ಚಿಗೂ ನಡುವೆ ಸಿಕ್ಕಿ ಮುರಿಯಿತು.

ಅವನ ವಾಕಿಟಾಕಿಯನ್ನು ನರ್ಸ್ ತಂದು ಆಪರೇಟರಮ್ಮನ ಮೇಜಿನ ಮೇಲಿಟ್ಟಳು. ಆದರೂ ಅವಳ ಮನಸ್ಸು ಸೋಲಲಿಲ್ಲ. ಮೊಬೈಲ್ ತುಂಬಿಸದೇ ಇದ್ದಿದ್ದರೆ ಹೀಗಾಗುತ್ತಿತ್ತೇ?

ಮಧ್ಯಾಹ್ನ ಆಂಬುಲೆನ್ಸಿಗೆ ಬೇರೆ ಡ್ರೈವರ್ ಬರಲಿಲ್ಲ. ಎಲ್ಲರೂ ತಮ್ಮ ತಮ್ಮದನ್ನು ಒಯ್ದ ಮೇಲೆ, ತುಂಬಿದ್ದರಲ್ಲಿ ಆರನೆಯ ಗೂಡಿನ ಬ್ಯಾಟರಿಯೊಂದೇ ಉಳಿಯಿತು. ದೀಪ ಹಸಿರಾಗಿಯೇ ಇತ್ತು. ಅದನ್ನು ಮೈದುನನ ಸೆಟ್ಟಿಗೆ ಹಾಕಿ, ಚಾಲೂ ಮಾಡಿ, ಕಣ್ಣೆದುರಿಗೇ ಇಟ್ಟುಕೊಂಡಳು. ಯಾರೂ ಮುಟ್ಟಲಿಲ್ಲ. ಯಾರೂ ಮಾತಾಡಲಿಲ್ಲ. ಮುಕ್ಕಾಲು ಗಂಟೆಗೆ ಅದು ಎರಡು ಸಲ ಕೀಂಯ್ ಎಂದು ಸತ್ತಿತು.

ಅವಳು ಅದನ್ನೇ ದಿಟ್ಟಿಸಿ ನೋಡಿದಳು. ಕೋಣೆಯಲ್ಲಿ ಅವಳನ್ನು ಬಿಟ್ಟರೆ ಇನ್ನೊಂದು ನರಪಿಳ್ಳೆ ಇರಲಿಲ್ಲ.

ಖಾಲಿ ಬ್ಯಾಟರಿಯನ್ನು ಮತ್ತೆ ಆರನೇ ಗೂಡಿಗೆ ಹಾಕಿದಳು. ಅರೆಗಳಿಗೆ ಕೆಂಪು, ಕೂಡಲೇ ಹಸಿರು. ಎರಡನೇ ಗೂಡಿನಲ್ಲಿದ್ದುದನ್ನು ತೆಗೆದು ಇದನ್ನೇ ಅಲ್ಲಿ ಹಾಕಿದಳು. ಕೆಂಪು ಬಂತು, ಕೆಂಪಾಗಿಯೇ ಉಳಿಯಿತು. ಕನ್ನಡಕ ಏರಿಸಿ ಆರನೇ ಗೂಡಿನೊಳಗೆ ನೋಡಿದರೆ, ಬ್ಯಾಟರಿಗೆ ತಾಗಬೇಕಾದ ಎರಡು ಹಿತ್ತಾಳೆ ಮೊಳೆಗಳಲ್ಲಿ ಒಂದು ಒಳಗೆ ಕುಸಿದು, ತಾಗಿಯೂ ತಾಗದಂತಿತ್ತು. ಕರೆಂಟ್ ಹರಿಯುವುದು ನಿಂತೊಡನೆ ತುಂಬಿತೆಂದೇ ತಿಳಿದು ಚಾರ್ಜರ್ ಹಸಿರು ತೋರಿಸುತ್ತಿತ್ತು. ಕೂದಲ ಪಿನ್ನಿನಿಂದ ಮೀಟಿದಳು. ಟಕ್ಕೆಂದು ಮೇಲೆ ಬಂತು.

ಆಮೇಲೆ ಅವಳಿಗೆ ಎಲ್ಲವೂ ಒಂದೊಂದಾಗಿ ಹೊಳೆಯಿತು. ಮೈದುನನನ್ನು ಕೊನೆಗೆ ನಿಲ್ಲಿಸಿದವಳು ತಾನು. ಅವನು ಕೊನೆಗೆ ಕೊಟ್ಟ ಬ್ಯಾಟರಿಯನ್ನು ಕೊನೆಯ ಗೂಡಿಗೆ ಹಾಕಿದವಳೂ ತಾನೇ, ಅವನ ಎರಡೂ ಬ್ಯಾಟರಿಗಳನ್ನು ಸರದಿ ತಪ್ಪದಂತೆ. ಯಾರು ಒಯ್ದರು ಎಂದು ಬರೆದಿಟ್ಟಿದ್ದಳು. ಯಾವ ಗೂಡಿನಿಂದ ಎಂದು ಒಂದು ಸಲವೂ ಬರೆದಿರಲಿಲ್ಲ.

ಎರಡನೇ ಮಹಡಿಯ ವಾರ್ಡಿನಲ್ಲಿ ಮೈದುನ ಕೈಗೆ ಪಟ್ಟಿ ಬಿಗಿಸಿಕೊಂಡು ಗೋಡೆಗೆ ಒರಗಿದ್ದ. ಅವಳು ಸ್ಟೂಲಿನ ಮೇಲೆ ಕೂತಳು. ಹೇಳಿಯೇ ಬಿಟ್ಟಳು: "ತಪ್ಪು ಚಾರ್ಜರಿಂದು."

ಅವನು ತಲೆಯೆತ್ತಿ ನೋಡಿದ.

"ನಂದೂ."

"ಬೇಕಂತ್ಲೇ ಕೆಟ್ಟ ಬ್ಯಾಟರಿ ಕೊಡ್ತಿದ್ದೀರಿ ಅಂದ್ಕೊಂಡಿದ್ದೆ ಅತ್ತಿಗೆ. ನನ್ನ ಬೈಯೋಕೆ ಒಂದು ನೆಪ ಬೇಕಾಗಿತ್ತು ನಿಮಗೆ ಅಂತ."

"ಹಾಗಿದ್ರೆ ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ನಂಬ್ತಿದ್ರಾ?"

ಅವಳು ದೂರು ಬರೆದದ್ದನ್ನೂ ಹೇಳಿದಳು. ಅವನ ಮುಖ ಕಪ್ಪಿಟ್ಟಿತು. ಮುಖ ಆಚೆಗೆ ತಿರುಗಿಸಿದ.

ಮೇಲ್ವಿಚಾರಕರು "ಹೋಗ್ಲಿ ಬಿಡಿ, ಹರಿದು ಹಾಕ್ತೀನಿ" ಎಂದರು. ಅವಳು ಬಿಡಲಿಲ್ಲ. ಹರಿದ ಕಾಗದವನ್ನು ಯಾರು ನಂಬುತ್ತಾರೆ? ದೂರಿನ ಹಿಂದೆಯೇ ಇನ್ನೊಂದು ಪುಟ ಬರೆದು, ಗೂಡಿನ ಮೊಳೆಯಿಂದ ಹಿಡಿದು ತಾನು ಅವನನ್ನು ಕೊನೆಗೆ ನಿಲ್ಲಿಸಿದ್ದರವರೆಗೆ ಎಲ್ಲವನ್ನೂ ಹಾಕಿ, ಸಹಿ ಮಾಡಿ, ಫೈಲಿಗೆ ಸೇರಿಸಿದ ಮೇಲೆಯೇ ಎದ್ದಳು.

ಒಂಬತ್ತನೇ ದಿನ ಕರೆಂಟ್ ಬಂತು. ವಾಕಿಟಾಕಿಗಳನ್ನು ಮಾತ್ರ ಆಸ್ಪತ್ರೆ ಇಟ್ಟುಕೊಂಡಿತು. ಮೈದುನ ಎರಡು ತಿಂಗಳು ಅಣ್ಣನ ಮನೆ ಕಡೆ ತಲೆ ಹಾಕಲಿಲ್ಲ. ಕೆಲಸಕ್ಕೆ ಮರಳಿದ ದಿನ ಎಲೆಕ್ಟ್ರಿಷಿಯನ್ ಹತ್ತಿರ ಕೇಳಿ ಮಾಡಿಸಿದ ಪುಟ್ಟ ಬಲ್ಬಿನ ಪರೀಕ್ಷೆ ಸಾಧನವೊಂದನ್ನು ಜೇಬಿನಿಂದ ತೆಗೆದ. ಅವಳು ಕೊಟ್ಟ ಬ್ಯಾಟರಿಗೆ ಅವಳೆದುರಿಗೇ ತಂತಿ ತಾಗಿಸಿದ.

"ತಪ್ಪು ತಿಳ್ಕೋಬೇಡಿ ಅತ್ತಿಗೆ."

"ಇನ್ನೊಂದು ಸಲ ನೋಡು" ಎಂದಳು ಅವಳು. "ಸರಿಯಾಗಿ ನೋಡು."

ಅವನು ಇನ್ನೊಂದು ಸಲ ನೋಡಿದ, ಸೊಂಟಕ್ಕೆ ಸಿಕ್ಕಿಸಿಕೊಂಡ, ಹೋದ.